ಗಾಜಿನ ತೊಟ್ಟಿಯ ಇಳಿತ

ಅತ್ತೆಯವರಿಗೆ,

ನೀವು ಹೋಗಿ ಹನ್ನೊಂದು ವರ್ಷವಾಯಿತು. ಪ್ರತಿ ವರ್ಷ ಎಡೆ ಇಟ್ಟಿದ್ದೇನೆ, ಕಾಗೆಯೂ ಮುಟ್ಟಿದೆ. ಆದರೂ ಒಂದು ಮಾತು ಹೇಳದೆ ಉಳಿದಿದೆ. ಎಡೆಯ ಮುಂದೆ ಹೇಳೋಣವೆಂದರೆ ನಿಮ್ಮ ಮಗ ಪಕ್ಕದಲ್ಲೇ ನಿಂತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಗೋಣಿಬೀಡಿನ ಈ ಎಸ್ಟೇಟ್ ಕ್ವಾರ್ಟರ್ಸಿಗೆ ಬಂದ ಮರುವರ್ಷ, ನೀವು ಕುಂದಾಪುರದ ಕಡೆಯ ತವರಿನಿಂದ ಒದ್ದೆ ಗೋಣಿಚೀಲ ಹಿಡಿದು ಬಸ್ಸಿಳಿದಿರಿ. ಹಪ್ಪಳವೋ ಏನೋ ಎಂದು ಆಸೆಯಿಂದ ಬಿಚ್ಚಿದರೆ ಕಪ್ಪು ಕೆಸರು, ನುಗ್ಗೆಕಾಯಿಯಂಥ ಏಳು ಕಾಂಡ್ಲಾ ಬೀಜ. ಸಮುದ್ರವೂ ಹೊಳೆಯೂ ಕೂಡುವಲ್ಲಿ ಬೆಳೆಯುವ ಗಿಡ ಕಾಫಿತೋಟದ ನಡುವೆ ಬದುಕೀತೇ? ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದ ನಿಮ್ಮ ಮಗ ನಕ್ಕುಬಿಟ್ಟರು. ಬಣ್ಣದ ಮೀನು ಸತ್ತ ಮೇಲೆ ಬಂಗಲೆಯವರು ಹೊರಗಿಟ್ಟಿದ್ದ ಗಾಜಿನ ತೊಟ್ಟಿಯನ್ನು ನೀವು ತರಿಸಿ, ಬಚ್ಚಲೊಲೆಯ ಬೆಚ್ಚಗಿನ ಗೋಡೆಗೆ ಒತ್ತಿ, ಗಾಜಿನ ಹೆಂಚಿನ ಬೆಳಕಿಗೆ ಇಟ್ಟಿರಿ. ಕಲ್ಲುಪ್ಪು ಕರಗಿಸಿ ನಾಲಿಗೆಗೆ ಹಚ್ಚಿ, "ಇದು ಸಮುದ್ರದ್ದಾಯ್ತು, ಹೊಳೆಬಾಯಿದು ಇಷ್ಟಿರೂದಿಲ್ಲ" ಎಂದು ಬಾವಿ ನೀರು ಬೆರೆಸಿದಿರಿ. ಮೂರು ಬೀಜ ಕೊಳೆತವು, ನಾಲ್ಕು ಚಿಗುರಿದವು. ಕೆಸರಿನೊಳಗೆ ಬಂದಿದ್ದ ಉಪ್ಪಟ್ಟಿ ಎಂಬ ಇನ್ನೊಂದು ಹೊಳೆಬಾಯಿ ಗಿಡದ ಬೀಜವೊಂದು ಅಂಚಿನಲ್ಲಿ ತಾನಾಗಿ ಎದ್ದಿತು.

ಆಮೇಲೆ ಶುರುವಾಯಿತಲ್ಲ ನಿಮ್ಮ ಭರತ, ಇಳಿತ! ತಿಥಿ ನೋಡಿ, ನಿಮ್ಮೂರ ಹೊಳೆಯಲ್ಲಿ ನೀರು ಇಳಿಯುವ ಹೊತ್ತಿಗೆ ಚೊಂಬಿನಿಂದ ತೊಟ್ಟಿಯ ನೀರನ್ನು ಬಕೆಟ್ಟಿಗೆ ತೆಗೆಯುವುದು, ಭರತದಲ್ಲಿ ಏರುವ ಹೊತ್ತಿಗೆ ತಿರುಗಿ ಸುರಿಯುವುದು. ಆ ಹೊತ್ತು ದಿನಕ್ಕೆ ಎರಡು ಗಳಿಗೆ ಮುಂದಕ್ಕೆ ಹೋಗುತ್ತಿತ್ತು. ರಾತ್ರಿಯದು ಬೇಡವೇ ಎಂದು ಕೆಣಕಿದರೆ, "ರಾತ್ರಿ ಹೊಳೆಯೂ ಮಲಗ್ಲಿ ಮಾರಾಯ್ತಿ" ಅನ್ನುತ್ತಿದ್ದಿರಿ. ಅಷ್ಟು ದೂರದ ಹೊಳೆ ಈ ಗುಡ್ಡದ ಮೇಲೆ ಉಸಿರಾಡುತ್ತಿದೆ ಅನ್ನಿಸಿ ನನಗೆ ಒಬ್ಬಳೇ ಬಚ್ಚಲಿಗೆ ಹೋಗಲು ಹೆದರಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ನೀರು ತೆಗೆಯುತ್ತಾ ನೀವು ಹೇಳಿದ್ದು ನೆನಪಿದೆಯೇ? "ಭರತದಲ್ಲಿ ಯಾರ ಜೀವವೂ ಹೋಗೂದಿಲ್ಲ ಕಾಣು. ನೀರು ಇಳಿಯುವಾಗ್ಲೇ ಹೋಗ್ಬೇಕು." ನಿಮ್ಮಪ್ಪ, ನಿಮ್ಮಣ್ಣ ಎಲ್ಲರೂ ಹಾಗೇ ಹೋದರಂತೆ. ಆಗ ನಾನು ನಕ್ಕಿದ್ದೆ.

ಮದುವೆಯಾಗಿ ಏಳು ವರ್ಷ ನನ್ನ ಮಡಿಲು ತುಂಬಲಿಲ್ಲ. ಕೂಲಿ ಲೈನಿನ ಹೆಂಗಸರು ಬಾಯಿಗೆ ಬಂದಂತೆ ಆಡಿಕೊಂಡಾಗ ನೀವೇ ಎದುರು ನಿಂತು, "ಗಿಡ ಹೂ ಬಿಡುವಾಗ ಬಿಡತ್ತೆ, ನಿಮಗೆಂತ ಅವಸರ?" ಎಂದು ಬಾಯಿ ಮುಚ್ಚಿಸಿದಿರಿ. ತಾಯಿಯಿಲ್ಲದ ನನಗೆ ಅಂಥ ಮಾತು ಯಾರು ಆಡಿದ್ದರು? ತೊಂಬತ್ತಾರರ ಕಾರ್ತಿಕದಲ್ಲಿ ನೀವು ಹಾಸಿಗೆ ಹಿಡಿದಾಗ ನನಗೆ ಎಂಟು ತಿಂಗಳು ತುಂಬಿತ್ತು. ಎರಡು ದಿನ ಅಷ್ಟೇ ಎಂದು ಡಾಕ್ಟರು ಮನೆಗೆ ಕಳಿಸಿದರು. ತೊಟ್ಟಿ ನನ್ನ ಪಾಲಿಗೆ ಬಂತು. ಭರತದ ನೀರು ತುಂಬಿಸಿದೆ. ಇಳಿತದ ಹೊತ್ತಿಗೆ ಚೊಂಬು ಎತ್ತಿಕೊಂಡವಳು ಹಾಗೇ ಕೆಳಗಿಟ್ಟೆ. ನೀರು ತೆಗೆಯದಿದ್ದರೆ ಇಳಿತವಿಲ್ಲ, ಇಳಿತವಿಲ್ಲದೆ ನೀವು ಹೋಗುವಂತಿಲ್ಲ. ಮಗುವಿನ ಮುಖ ನೋಡುವ ತನಕ ಮಾತ್ರ. ಹುಚ್ಚು ಅಂತ ಗೊತ್ತಿತ್ತು, ಆದರೂ...

ನೀವು ಹೋಗಲಿಲ್ಲ. ಐದು ದಿನವಾಯಿತು. ಉಸಿರು ಎದೆಗೇರಿ ಅಲ್ಲೇ ನಿಲ್ಲುತ್ತಿತ್ತು, ಕೆಳಗಿಳಿಯಲು ಒದ್ದಾಡುತ್ತಿತ್ತು. ತೊಟ್ಟಿಯಲ್ಲಿ ಕಾಂಡ್ಲಾ ಎಲೆ ಹಳದಿಯಾಗಿ, ಕೆಸರು ಕೊಳೆತ ಮೊಟ್ಟೆಯ ಹಾಗೆ ನಾರತೊಡಗಿತು. ಆ ವಾಸನೆ ಬಚ್ಚಲಿಗಿಂತ ನಿಮ್ಮ ಕೋಣೆಯಲ್ಲೇ ಹೆಚ್ಚಿತ್ತು. ನಿಮ್ಮ ಹಣೆ ಒರೆಸಿದ ಬಟ್ಟೆ ಒಣಗಿದರೆ ಅದರ ಮೇಲೆ ಉಪ್ಪು ಬೆಳ್ಳಗೆ ಕೂತಿರುತ್ತಿತ್ತು.

ಐದನೆಯ ದಿನ ಮಧ್ಯಾಹ್ನ, ತಲೆ ಎತ್ತಲಾಗದ ನೀವು ನನ್ನ ಮಣಿಕಟ್ಟು ಹಿಡಿದಿರಿ. "ಎಂತಕ್ಕೆ ಮಗಾ, ನೀರು ತೆಗೀಲಿಲ್ಲ?" ನಿಮ್ಮ ಕೋಣೆಗೂ ಬಚ್ಚಲಿಗೂ ನಡುವೆ ಎರಡು ಗೋಡೆ. ನಾನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು? "ಮಗು ನೋಡಿ ಹೋಗಿ ಅತ್ತೆ" ಎಂದು ಅತ್ತುಬಿಟ್ಟೆ. ನೀವು ಅಂದಿರಿ, "ನಾನು ಮುಳುಗಿ ಇದ್ದೇನೆ ಕಾಣು."

ಬಸುರಿ ಹೊಟ್ಟೆ ಹೊತ್ತು ತೊಟ್ಟಿಯ ಮುಂದೆ ಕೂತೆ. ಒಂದೊಂದು ಚೊಂಬು ತೆಗೆದಾಗಲೂ ಗೋಡೆಯಾಚೆ ನಿಮ್ಮ ಉಸಿರಿನ ಗೊರಗೊರ ಇಷ್ಟಿಷ್ಟೇ ತಗ್ಗಿತು. ಹೆದರಿ ಕೈ ನಿಲ್ಲಿಸಿದೆ. ಉಸಿರೂ ಅಲ್ಲೇ ಕಾದು ನಿಂತಿತು. ಮತ್ತೆ ತೆಗೆದೆ. ಬೇರು ಕಂಡವು, ಕೆಸರು ಕಂಡಿತು. ಕೊನೆಯ ಚೊಂಬು ಬಕೆಟ್ಟಿಗೆ ಬಿದ್ದಾಗ ನಿಮ್ಮ ಮಗ ಒಳಗಿನಿಂದ "ಅಮ್ಮಾ" ಎಂದು ಕೂಗಿದರು. ನಾನು ಏಳಲಿಲ್ಲ. ಅವರಿಗೆ ಇವತ್ತಿಗೂ ಹೇಳಿಲ್ಲ. ಐದು ದಿನ ಹಿಂಸೆ ಕೊಟ್ಟವಳೂ ನಾನೇ, ಕಳಿಸಿದವಳೂ ನಾನೇ. ಯಾವುದಕ್ಕೆ ಅಂತ ಕ್ಷಮೆ ಕೇಳಲಿ?

ನೀವು ಹೋದ ಹದಿನೆಂಟನೆಯ ದಿನ ಹೆಣ್ಣುಮಗು ಹುಟ್ಟಿತು. ಕಾಂಡ್ಲಾ ಕೂಡ ಚೇತರಿಸಿಕೊಂಡಿತು. ನಾಲ್ಕು ವರ್ಷದವಳಿದ್ದಾಗಲೇ ಮಗಳು ಅಂಗಳದಲ್ಲಿ ಆಟ ಬಿಟ್ಟು ಓಡಿ ಬಂದು, "ಅಮ್ಮ, ನೀರು ಇಳೀತಿದೆ" ಅನ್ನುತ್ತಿದ್ದಳು. ತೊಟ್ಟಿ ತುಂಬಿಯೇ ಇರುತ್ತಿತ್ತು. ಪಂಚಾಂಗ ತೆಗೆದು ನೋಡಿದರೆ ಗಳಿಗೆ ಸರಿಯಾಗಿರುತ್ತಿತ್ತು. ಅವಳಿಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದು ನೀವಾ ಅತ್ತೆ?

ಈಗ ಅವಳಿಗೆ ಹನ್ನೊಂದು ತುಂಬುತ್ತಿದೆ. ಮೊನ್ನೆ ಇಬ್ಬರೂ ನೀರು ತೆಗೆಯುತ್ತಿದ್ದಾಗ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಅಳಲಿಲ್ಲ. ಚೊಂಬು ಕೈಯಲ್ಲೇ ಹಿಡಿದುಕೊಂಡು ನನ್ನನ್ನೇ ನೋಡಿದಳು.

"ನಿಂಗೂ ಅಜ್ಜಿ ಥರ ಆದ್ರೆ ನೀರು ನಾನು ತೆಗೀಬೇಕಾ ಅಮ್ಮ?"

ಅವಳ ಕೈಯ ಚೊಂಬನ್ನು ನಾನೂ ಹಿಡಿದುಕೊಂಡೆ. ಹೇಳಿದೆ.

"ಹೂಂ ಮಗಾ. ಐದು ದಿನ ಕಾಯಿಸ್ಬೇಡ."