ಸೋತವರು ಆರಿಸಲಿ

ಸೊರಬ
೯ ಫೆಬ್ರವರಿ ೨೦೨೫

ಪ್ರೀತಿಯ ಚಂದ್ರು,

ನಿನ್ನ ಪತ್ರ ಬಂದು ತಿಂಗಳಾಯಿತು. ನಿನ್ನ ತಾಯಿ ರಾಜೇಶ್ವರಮ್ಮನವರ ಕಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತೆಂದು ಓದಿ ಸಮಾಧಾನವಾಯಿತು. ಉತ್ತರ ತಡವಾದದ್ದಕ್ಕೆ ಅಂಗಡಿಯ ನೆಪ ಹೇಳುವುದಿಲ್ಲ. ಬರೆಯಲು ಮನಸ್ಸಾಗಲಿಲ್ಲ, ಕ್ಷಮಿಸು.

ಬಾಸ್ಕೆಟ್‌ಬಾಲ್ ಲೀಗಿನವರು ವರ್ಷದ ಅತ್ಯಮೂಲ್ಯ ಆಟಗಾರ್ತಿಯನ್ನು ಆರಿಸುವ ಸಮಿತಿಗೆ ನಿನ್ನನ್ನು ಹಾಕಿಕೊಂಡಿದ್ದಾರೆ. ಹೇಗೆ ಆರಿಸಲಿ ಎಂದು ಕೇಳಿದ್ದೀಯ. ಹೆಚ್ಚು ಅಂಕ ಗಳಿಸಿದವಳಿಗೆ ಕೊಟ್ಟರೆ ಕೆಲಸ ಸುಲಭ. ಆದರೆ ಸದಾ ಸೋಲುವ ತಂಡದಲ್ಲೂ ಅಂಕ ಗಳಿಸುವವಳು ಒಬ್ಬಳಿರುತ್ತಾಳೆ. ಗೆದ್ದ ತಂಡದವಳಿಗೇ ಕೊಡುವುದಾದರೆ, ಅವರಿಗೆ ಕಪ್ ಆಗಲೇ ಸಿಕ್ಕಿದೆ.

ಶಿಕಾರಿಪುರದಲ್ಲಿ ನಾವು ಆಡುವಾಗಿನ ಪದ್ಧತಿ ನೆನಪಿದೆಯಲ್ಲ? ಗೆದ್ದವರಲ್ಲಿ ಶ್ರೇಷ್ಠನನ್ನು ಸೋತವರೇ ಆರಿಸಬೇಕಿತ್ತು. ಧರ್ಮಪ್ಪ ಮೇಷ್ಟ್ರು ಅವರನ್ನು ಸಾಲಾಗಿ ಕೂರಿಸಿ, "ಯಾವನು ಹೊರಗೆ ಕೂತಾಗ ನಿಮಗೆ ಉಸಿರು ಬಂತು, ಅದನ್ನ ಹೇಳ್ರಪ್ಪ" ಅನ್ನುತ್ತಿದ್ದರು. ಒಮ್ಮೆ ಒಂದು ಬಾಸ್ಕೆಟ್ಟೂ ಹಾಕದ ನಮ್ಮ ಉಜ್ಜಪ್ಪನ ಹೆಸರು ಬಂತು. ನೀನು ಸಿಟ್ಟಾಗಿ, "ಇವನೇನ್ ಮಾಡ್ದ? ಬರೀ ಅಡ್ಡ ನಿಂತಿದ್ದ" ಅಂದೆ. ಸೋತ ಪರಮಶಿವಪ್ಪ, "ನಿನ್ನ ಬಾಸ್ಕೆಟ್ ಎಣಿಸ್ಕೊಂಡು ಮನೆಗೆ ಹೋಗೋ ಮಾರಾಯ. ನಮಗೆ ಇವನ್ನ ದಾಟಕ್ಕೇ ಆಗ್ಲಿಲ್ಲ" ಅಂದ.

ಈಗಲೂ ನನ್ನ ಉತ್ತರ ಅದೇ. ಎದುರು ತಂಡದಲ್ಲಿ ಆಡಿದವರ ಮತ ಕೇಳು. ಅಂಕ ಎಲ್ಲರಿಗೂ ಕಾಣುತ್ತದೆ. ಯಾರನ್ನು ಕಂಡು ದಾರಿ ಬದಲಿಸಿದೆವು ಎಂಬುದು ಅವರಿಗಷ್ಟೇ ಗೊತ್ತು.

ನನ್ನ ಮಗಳು ಆತಿಫಾ ಮನೆಯಲ್ಲೇ ಇದ್ದಾಳೆ. ಮಂಡಿಗೆ ಎರಡನೆಯ ಆಪರೇಷನ್ನೂ ಆಯಿತು. ಮತ್ತೆ ಲೀಗಿನಲ್ಲಿ ಆಡುತ್ತಾಳಾ ಎಂದು ಕೇಳಿದರೆ ಡಾಕ್ಟರು, "ನಡೀತಾಳಲ್ರೀ, ಅದಕ್ಕೆ ಖುಷಿಪಡ್ರಿ" ಅನ್ನುತ್ತಾರೆ. ಅವಳು ಮಾತ್ರ ಮುಂದಿನ ಸೀಸನ್‌ಗೆ ಹೋಗಿಯೇ ಹೋಗುತ್ತೇನೆ ಎಂದು ಗೋಡೆ ಹಿಡಿದು ಮಂಡಿ ಬಗ್ಗಿಸುತ್ತಾಳೆ. ನಾನು ಪಕ್ಕದಲ್ಲಿ ನಿಂತು ಎಣಿಸುತ್ತೇನೆ.

ನಿನ್ನ ಮಗಳು ಧನ್ಯಾಗೆ ನನ್ನ ದುವಾ ತಿಳಿಸು. ನಿಮ್ಮ ಮನೆಯಲ್ಲಿ ಎಲ್ಲರ ಕೈಕಾಲು ಗಟ್ಟಿಯಾಗಿರಲಿ.

ನಿನ್ನ
ರಜಾಕ್

ತಾ.ಕ.: ಹೋದ ವರ್ಷ ಫೈನಲ್‌ನಲ್ಲಿ ಆತಿಫಾಳನ್ನು ತಡೆಯಲು ಇಬ್ಬಿಬ್ಬರನ್ನು ಬಿಟ್ಟ ತಂಡವಿದೆಯಲ್ಲ, ಆ ಹುಡುಗಿಯರು ಕಳೆದ ಭಾನುವಾರ ಅವಳನ್ನು ನೋಡಲು ಬಂದಿದ್ದರು. ಒಳ್ಳೆಯ ಮಕ್ಕಳು. ಊಟವಾದ ಮೇಲೆ ಅವರ ಕ್ಯಾಪ್ಟನ್ ತಟ್ಟೆಯಲ್ಲಿ ಶೇಂಗಾ ಬೀಜ ಜೋಡಿಸಿ, ಮುಂದಿನ ಸೀಸನ್‌ಗೆ ತಾವು ಹೂಡಿರುವ ತಂತ್ರವನ್ನೆಲ್ಲ ಇವಳೆದುರೇ ಬಿಡಿಸಿ ಹೇಳಿದಳು. ಆತಿಫಾ ನಗುತ್ತಲೇ ಕೇಳಿದಳು. ನಾನು ಅವರನ್ನು ಬಸ್ ಹತ್ತಿಸಿ ಬಂದಾಗ ಇನ್ನೂ ಅಲ್ಲೇ ಕೂತಿದ್ದಳು.

"ಅಬ್ಬಾಜಾನ್, ಎಲ್ಲಾ ಹೇಳ್ಬಿಟ್ರು," ಅಂದಳು. "ಎದುರು ಆಡೋಳು ಅಂತ ನನ್ನ ಹತ್ರ ಏನೂ ಮುಚ್ಚಿಡಲಿಲ್ಲ."