ಅಪ್ಪ ತಿನ್ನದ ಸಿಹಿ

ಸತ್ವಾ, ದುಬೈ
೯ ಫೆಬ್ರವರಿ ೨೦೨೫

ಪ್ರೀತಿಯ ಅಣ್ಣಾ,

ನೀನು, ಅತ್ತಿಗೆ, ಮಕ್ಕಳು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಅಮ್ಮನ ಮಂಡಿನೋವು ಹೇಗಿದೆ? ಫೋನ್ ಮಾಡಿದರೆ ಅತ್ತಿಗೆಯೇ ಎತ್ತುತ್ತಾರೆ. ನಿನ್ನನ್ನು ಕೇಳಿದರೆ ಹೋಟೆಲಿನಲ್ಲಿ ರಶ್ಶು ಎನ್ನುತ್ತಾರೆ. ನಾಲ್ಕು ವರ್ಷದಿಂದ ಆ ರಶ್ಶು ಮುಗಿದಿಲ್ಲ. ಅದಕ್ಕೇ ಈ ಕಾಗದ. ಕೋಣೆಯ ಜೊತೆಗಾರ ರಿಝ್ವಾನ್ ಇವತ್ತು ಊರಿಗೆ ಹೊರಟಿದ್ದಾನೆ, ವೇಣೂರಿಗೆ ಬಂದು ನಿನ್ನ ಕೈಗೇ ಕೊಡುತ್ತೇನೆಂದಿದ್ದಾನೆ. ಅವನೂ ಹೋದರೆ ಈ ಕೋಣೆಯಲ್ಲಿ ನನ್ನ ಭಾಷೆ ತಿಳಿಯುವವರು ಯಾರೂ ಇಲ್ಲ.

ನಾನು ಕಾರು ಓಡಿಸುತ್ತಿದ್ದ ಕೊರಿಯಾದ ಇಂಜಿನಿಯರ್ ಶಿನ್ ಸಾರ್ ಕಳೆದ ತಿಂಗಳು ಸಿಯೋಲಿಗೆ ಮರಳಿದರು. ಆರು ವರ್ಷ, ದಿನವೂ ಅಬುಧಾಬಿಗೆ ಹೋಗಿಬರುವ ಮೂರು ಗಂಟೆ, ಕಾರಿನಲ್ಲಿ ನಾವಿಬ್ಬರೇ. ಬೆಲ್ಟಿನ ಕೊನೆಯ ತೂತೂ ಸಡಿಲವಾಗುವಷ್ಟು ಸಪೂರ ಮನುಷ್ಯ. ಚಹಾಕ್ಕೂ ಸಕ್ಕರೆ ಹಾಕುತ್ತಿರಲಿಲ್ಲ. ಆದರೂ ಊಟಕ್ಕೆ ಮುಂಚೆ ಹಿಂದಿನ ಸೀಟಿನಲ್ಲಿ ಕೂತು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಒಮ್ಮೆ ನಾನು ನಕ್ಕು, “ಸಣ್ಣವರಿರುವಾಗ ತುಂಬ ಸಿಹಿ ತಿಂದಿರಾ ಸಾರ್?” ಎಂದು ಕೇಳಿದೆ. ಅವರು ನಗಲಿಲ್ಲ. “ಗುನಾ, ಮೈ ಮದರ್ ಆಲ್ಸೋ ಆಸ್ಕ್ ದಿಸ್” ಎಂದರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಅವರ ದೇಶದಲ್ಲಿ ಸಾವಿರಾರು ಜನರ ರಕ್ತ ತೆಗೆದು ವಂಶವಾಹಿಗಳನ್ನು ಪರೀಕ್ಷಿಸಿದ್ದಾರಂತೆ. ಕೊರಿಯಾದವರಲ್ಲಿ ಹಲವರಿಗೆ ಅವುಗಳಲ್ಲಿ ಚಿಕ್ಕ ಚಿಕ್ಕ ವ್ಯತ್ಯಾಸಗಳಿವೆಯಂತೆ. ಅದರಿಂದ ಮೈಯಲ್ಲಿ ಇನ್ಸುಲಿನ್ ಸಾಕಷ್ಟು ಒಸರದೆ, ದಪ್ಪವಾಗದಿದ್ದರೂ ಸಕ್ಕರೆ ಕಾಯಿಲೆ ಬರಬಹುದಂತೆ. ಸಾರ್ ಕೂಡ ರಕ್ತ ಕೊಟ್ಟಿದ್ದರು, ಅವರಲ್ಲೂ ಅದು ಸಿಕ್ಕಿತು. ಬಾಯಿಗೆ ಹಿಡಿತ ಬೇಕು, ಆದರೆ ಎಲ್ಲವೂ ತಿಂದದ್ದರಿಂದಲೇ ಅಲ್ಲ ಎಂದರು.

ಅಣ್ಣಾ, ಅಪ್ಪನೂ ಸಪೂರವೇ ಇದ್ದರಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಕೊಳೆಯುತ್ತಿದ್ದಾಗ “ನಾನು ತಿಂದದ್ದಲ್ಲ ಮಗಾ” ಎಂದು ಎಷ್ಟು ಸಲ ಹೇಳಿದರು! ನಾನು ನಂಬಲಿಲ್ಲ. ನಾಲ್ಕು ವರ್ಷದ ಹಿಂದೆ ಅವರ ಉತ್ತರಕ್ರಿಯೆಯ ದಿನ ಬಂದವರೆಲ್ಲರ ಎದುರು “ನಿನ್ನ ಹೋಟೆಲಿನ ಹಲ್ವವೇ ಅಪ್ಪನನ್ನು ಕೊಂದದ್ದು” ಎಂದುಬಿಟ್ಟೆ. ಅನ್ನ ಬಡಿಸುತ್ತಿದ್ದ ನೀನು ತಲೆಯೆತ್ತದೆ ಮುಂದಿನ ಎಲೆಗೆ ಹೋದೆ. ಅಪ್ಪನ ರಕ್ತವನ್ನು ಯಾರೂ ಹಾಗೆ ಪರೀಕ್ಷಿಸಿಲ್ಲ. ನಮ್ಮ ವಂಶದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಅಷ್ಟು ದೊಡ್ಡ ಮಾತು ಆಡಿದೆ. ತಪ್ಪಾಯಿತು.

ಈಗ ಬಂದಿರುವ ಹೊಸ ಸಾಹೇಬರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಕಾರು ಹತ್ತುತ್ತಾರೆ. ನೂರ ನಲವತ್ತು ಕಿಲೋಮೀಟರ್, ಒಂದು ಮಾತಿಲ್ಲ. ಆಗ ನಿನ್ನೊಡನೆ ಮನಸ್ಸಿನಲ್ಲೇ ತುಳುವಿನಲ್ಲಿ ಮಾತಾಡುತ್ತಾ ಹೋಗುತ್ತೇನೆ. ಅಲ್ಲಿಯೂ ನೀನು ಉತ್ತರ ಕೊಡುವುದಿಲ್ಲ.

ಅಮ್ಮನ ಕಾಲಿಗೆ ನನ್ನ ನಮಸ್ಕಾರ. ಅತ್ತಿಗೆಗೆ ನೆನಪು, ಮಕ್ಕಳಿಗೆ ಮುದ್ದು.

ನಿನ್ನ ತಮ್ಮ,
ಗುಣಪಾಲ

ವಿ.ಸೂ.: ಟ್ಯಾಕ್ಸಿ ಬಂತು, ರಿಝ್ವಾನ್ ಅವಸರ ಮಾಡುತ್ತಿದ್ದಾನೆ. ಕಳೆದ ವಾರ ಕರಾಮದ ಕ್ಲಿನಿಕ್ಕಿನಲ್ಲಿ ನನ್ನ ರಕ್ತ ನೋಡಿದರು. ಸಕ್ಕರೆ ಕಾಯಿಲೆ ನನಗೂ ಇದೆ, ಮಾತ್ರೆ ಶುರುವಾಗಿದೆ. ಅಮ್ಮನಿಗೆ ಹೇಳಬೇಡ. ನೀನೂ ಸಪೂರ ಇದ್ದೀ. ಈ ಕಾಗದ ಹರಿದು ಹಾಕಿದರೂ ಅಡ್ಡಿಯಿಲ್ಲ ಅಣ್ಣಾ, ಬೆಳಿಗ್ಗೆ ಚಾ ಕುಡಿಯುವ ಮುಂಚೆ ಮೂಡುಬಿದಿರೆಗೆ ಹೋಗಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ.