ಗೋಮಾಳಕ್ಕೆ ಹಸಿರು ಬಣ್ಣ

ಬನಶಂಕರಿ ಮೂರನೇ ಹಂತ

ನಗರ ಯೋಜನಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯಲ್ಲೇ ನಕ್ಷೆ ಬರೆದು ನಿವೃತ್ತನಾದವನು ನಾನು. ಹೊಸ ಕರಡು ನಕ್ಷೆ ನೋಡಿದೆ. ತಲಘಟ್ಟಪುರದಿಂದಾಚೆ ಒಂದು ಹಳ್ಳಿಯ ಗೋಮಾಳಕ್ಕೆ ಹಳದಿ ಬಳಿದಿದ್ದೀರಿ, ಅಂದರೆ ಅಲ್ಲಿ ಮನೆ ಕಟ್ಟಬಹುದು ಅಂತ. ಅಲ್ಲಿ ಇವತ್ತಿಗೂ ಊರಿನ ದನ, ಕುರಿ ಮೇಯುತ್ತವೆ. ಭಾನುವಾರ ಹೋಗಿ ಕಣ್ಣಾರೆ ನೋಡಿ ಬಂದೆ. ದಯವಿಟ್ಟು ಅದನ್ನು ಹಸಿರು ಮಾಡಿ, ಅಲ್ಲಿ ಕಟ್ಟಡ ಬರದಿರಲಿ.

ನಿಮ್ಮ ಕೌಂಟರಿನ ಹುಡುಗಿ, "ಅಂಕಲ್, ನಿಮಗೆ ಅಲ್ಲಿ ಜಮೀನಿದ್ಯಾ?" ಅಂದಳು. ಜಮೀನಿದ್ದವರೇ ಬರಬೇಕು ಅಂದ್ರೆ ಗೋಮಾಳದ ಪರವಾಗಿ ಯಾರಮ್ಮ ಬರ್ತಾರೆ ಅಂದೆ. ಆಕ್ಷೇಪಣೆಯ ಫಾರಂ ತೆಗೆದುಕೊಟ್ಟಳು.

ಆ ಊರಿನ ಪಿಳ್ಳಮ್ಮನವರು ಹಿಂದಿನ ನಕ್ಷೆಯ ಕಾಲದಲ್ಲೇ ಆಕ್ಷೇಪಣೆ ತಂದಿದ್ದರು. "ದೊಡ್ಡ ಹುಣಸೆಮರದ ಆಚೆ ಬದಿ" ಅಂತ ಯಾರ ಕೈಲೋ ಬರೆಸಿದ್ದರು. ಸರ್ವೆ ನಂಬರ್ ಇಲ್ಲ ಅಂತ ಅದನ್ನು ತೆಗೆದುಕೊಳ್ಳಲಿಲ್ಲ. ಅರ್ಧ ಗೋಮಾಳ ಸೈಟುಗಳಾಗಿ ಹೋಯಿತು. ಈಗ ಹಳದಿ ಬಳಿದಿರುವುದು ಉಳಿದರ್ಧಕ್ಕೆ. ಈ ಸಲ ಅವರ ಆಕ್ಷೇಪಣೆಯನ್ನೂ ಲಗತ್ತಿಸಿದ್ದೇನೆ. ಸರ್ವೆ ನಂಬರ್ ನಾನು ಬರೆದಿದ್ದೇನೆ, ಹೆಬ್ಬೆಟ್ಟು ಅವರದು.

ವಿಚಾರಣೆಯನ್ನು ಆ ಊರಲ್ಲೇ ಇಟ್ಟುಕೊಳ್ಳಿ. ಮಂಡಿನೋವಿನಿಂದ ಅವರಿಗೆ ಈಗ ಬಸ್ಸು ಹತ್ತುವುದಕ್ಕಾಗುವುದಿಲ್ಲ. ಮೊದಲು ಅವರ ಹೆಸರನ್ನೇ ಕೂಗಿ. ಹೋದ ಸಲ ಸಂಜೆಯವರೆಗೂ ಕಚೇರಿ ಬಾಗಿಲಲ್ಲಿ ಕೂತಿದ್ದು ವಾಪಸ್ ಹೋದರು.

ಅವತ್ತು ಕೌಂಟರಿನಲ್ಲಿದ್ದವನು ನಾನು.

ಭಾನುವಾರ ಅವರಿಗೆ ನನ್ನ ಗುರುತು ಹತ್ತಲಿಲ್ಲ. ಬಿಸಿಲಲ್ಲಿ ಬಂದಿದ್ದೀರಿ ಅಂತ ಕೂರಿಸಿ ಮಜ್ಜಿಗೆ ಕೊಟ್ಟರು.

ನಿಮ್ಮ ಉತ್ತರ ಅವರ ವಿಳಾಸಕ್ಕೇ ಹೋಗಲೆಂದು ಕೋರುವ,
ಗುಂಡಣ್ಣ